ಅಪ್ಪ ತೀರಿಕೊಂಡ ವರ್ಷ ಮನೆಗೆ ಕ್ರಿಸ್‌ಮಸ್ ನಕ್ಷತ್ರ ಕಟ್ಟಬಹುದಾ? ಮತ್ತೆ, ಚರ್ಚಿನಲ್ಲಿ ಮೂರನೇ ಭಾನುವಾರದ ಬೈಬಲ್ ವಾಚನ ನಾನೇ ಓದಬೇಕಾ?

ಮೈಸೂರು_ಮಗಳು ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗಬಹುದು, ಓದಿ.

ನಮ್ಮ ತವರು ಮೈಸೂರು. ಈಗ ಬೆಂಗಳೂರಿನಲ್ಲಿ ಬಾಡಿಗೆ ಮನೆಯಲ್ಲಿದ್ದೇವೆ. ಆಗಸ್ಟ್‌ನಲ್ಲಿ ಅಪ್ಪ ತೀರಿಕೊಂಡರು. ಕಿಡ್ನಿ ಹೋಗಿತ್ತು, ಡಯಾಲಿಸಿಸ್ ನಡೆಯುತ್ತಿತ್ತು. ಆ ಖರ್ಚಿನ ಲೆಕ್ಕವೇ ಇನ್ನೂ ಮುಗಿದಿಲ್ಲ, ಅಷ್ಟರಲ್ಲಿ ಯಜಮಾನರ ಕೆಲಸ ಹೋಯಿತು. ಕಾರ್ಖಾನೆಯಲ್ಲಿ ಒಂದು ಇಡೀ ಪಾಳಿಯನ್ನೇ ನಿಲ್ಲಿಸಿಬಿಟ್ಟರು. ಈಗ ಮನೆ ನಡೆಯುವುದು ನನ್ನ ಹೊಲಿಗೆ ಮೆಷಿನ್ ಮೇಲೆ. ಕ್ರಿಸ್‌ಮಸ್ ಹತ್ತಿರ ಬಂತಲ್ಲ, ಹೊಲಿಗೆ ಜಾಸ್ತಿಯೇ ಇದೆ. ಅವರಿವರ ಮಕ್ಕಳ ಫ್ರಾಕಿಗೆ ಲೇಸು ಕೂರಿಸುತ್ತಾ ರಾತ್ರಿ ಹನ್ನೊಂದಾಗುತ್ತದೆ. ನನ್ನ ಮಗಳಿಗೆ ಈ ಸಲ ಹೊಸ ಬಟ್ಟೆ ಇಲ್ಲ ಅಂತ ಇನ್ನೂ ಹೇಳಿಲ್ಲ.

ನನಗೆ ಎರಡು ಪ್ರಶ್ನೆ.

ಮೊದಲನೆಯದು ನಕ್ಷತ್ರದ್ದು. ಅಪ್ಪ ಯಾವತ್ತೂ ಅಂಗಡಿ ನಕ್ಷತ್ರ ತಂದವರಲ್ಲ. ಬಿದಿರು ಸೀಳಿ ಐದು ಮೂಲೆಯ ಎರಡು ಚೌಕಟ್ಟು ಕಟ್ಟುತ್ತಿದ್ದರು. ಎರಡನ್ನೂ ಮೂಲೆ ಮೂಲೆಗೆ ಬಿಗಿದು, ಒಳಗಡೆ ಚೋಟುದ್ದದ ಕಡ್ಡಿ ಕೊಟ್ಟರೆ ಹೊಟ್ಟೆ ಉಬ್ಬಿಕೊಳ್ಳುತ್ತಿತ್ತು. ಆಮೇಲೆ ಗಾಳಿಪಟದ ಕಾಗದ. ಮೈದಾ ಅಂಟು ಕುದಿಸುವಾಗ ಚಿಟಿಕೆ ಮೈಲುತುತ್ತ ಹಾಕಲೇಬೇಕು, ಇಲ್ಲದಿದ್ದರೆ ಕ್ರಿಸ್ತಜಯಂತಿಗೆ ಮುಂಚೆ ಜಿರಲೆಗೆ ಹಬ್ಬ ಅನ್ನುತ್ತಿದ್ದರು. ಕಾಗದ ವರ್ಷ ವರ್ಷ ಹೊಸದು, ಚೌಕಟ್ಟು ಹಳೆಯದೇ. ಅದು ಈಗ ನಮ್ಮ ಮನೆಯ ಸಜ್ಜೆಯ ಮೇಲಿದೆ. ಎರಡನೇ ಕ್ಲಾಸಿನ ಮಗಳು ದಿನಾ ಕೇಳುತ್ತಾಳೆ, "ತಾತನ ನಕ್ಷತ್ರ ಯಾವಾಗ ಕಟ್ಟೋದು?" ಅಂತ. ನಮ್ಮ ಸೋದರತ್ತೆ ಮಾತ್ರ ಖಡಾಖಂಡಿತ: ಸಾವಾದ ಮನೆ, ವರ್ಷ ತುಂಬುವ ತನಕ ನಕ್ಷತ್ರ ಕಟ್ಟಬಾರದು, ಎಣ್ಣೆ ಬಾಣಲೆ ಇಡಬಾರದು. ಇದು ಧರ್ಮಸಭೆಯ (ಕಥೋಲಿಕ ಚರ್ಚಿನ) ನಿಯಮವಾ, ಇಲ್ಲ ನಮ್ಮವರ ಪದ್ಧತಿಯಾ?

ಎರಡನೆಯದು ಕಷ್ಟದ್ದು. ಆಗಮನ ಕಾಲದ (ಕ್ರಿಸ್‌ಮಸ್‌ಗೆ ಸಿದ್ಧವಾಗುವ ನಾಲ್ಕು ವಾರ) ಮೂರನೇ ಭಾನುವಾರ, ಡಿಸೆಂಬರ್ 14, ಪೂಜೆಯಲ್ಲಿ ಮೊದಲ ವಾಚನ ಓದುವ ಸರದಿ ನನ್ನದು. ಪಟ್ಟಿ ಹಾಕಿದ್ದು ಜೂನ್‌ನಲ್ಲಿ. ಆಗ ಅಪ್ಪ ಇದ್ದರು. ಪುಸ್ತಕ ತೆಗೆದು ನೋಡಿದೆ, ಬೈಬಲಿನ ಪ್ರವಾದಿ ಯೆಶಾಯನ 35ನೇ ಅಧ್ಯಾಯ. ಮರಳುಗಾಡು ಹೂ ಬಿಡುತ್ತದೆ, ಅಂಜುವವರಿಗೆ ಧೈರ್ಯ ಹೇಳಿ, ದೇವರು ಬರುತ್ತಾರೆ ಅಂತೆಲ್ಲ ಇದೆ. ನನಗೆ ಇದರಲ್ಲಿ ಒಂದು ಮಾತೂ ಎದೆಗೆ ಇಳಿಯುತ್ತಿಲ್ಲ. ಪೂಜೆಗೆ ಹೋಗುತ್ತೇನೆ, ಬಾಯಿ ಪ್ರಾರ್ಥನೆ ಹೇಳುತ್ತದೆ, ಅಷ್ಟೇ. ಭಾನುವಾರಕ್ಕೊಂದು ಅಂತ ಚಕ್ರದ ಮೇಲೆ ನಾಲ್ಕು ಬತ್ತಿ ಹಚ್ಚುತ್ತಾರಲ್ಲ, ಮೊದಲ ಭಾನುವಾರ ಭರವಸೆಯ ಮೇಣದಬತ್ತಿ ಹಚ್ಚಿದಾಗ ಎದ್ದು ಹೊರಗೆ ಹೋಗೋಣ ಅನ್ನಿಸಿತು. ಹೀಗಿರುವಾಗ ಅಷ್ಟು ಜನರ ಮುಂದೆ ನಿಂತು "ಧೈರ್ಯವಾಗಿರಿ" ಅಂತ ಓದುವುದು ನಾಟಕ ಆಗುವುದಿಲ್ಲವಾ? ಬೇರೆಯವರಿಗೆ ಬಿಟ್ಟುಕೊಡಲಾ?

ಕೃಪೆ_ಸಾಕು:

ತಂಗೀ, ನಿಮ್ಮ ದುಃಖ ಓದಿ ಕಣ್ಣು ತುಂಬಿತು. ಆದರೂ ಒಂದು ಮಾತು. ಪ್ರಭುವಿನಲ್ಲಿ ಯಾವಾಗಲೂ ಸಂತೋಷಪಡಬೇಕು ಅಂತ ಸಂತ ಪೌಲರೇ ಹೇಳಿದ್ದಾರೆ. ಭಾರವನ್ನೆಲ್ಲಾ ಯೇಸುವಿನ ಮೇಲೆ ಹಾಕಿ ನಗುನಗುತ್ತಾ ಓದಿ. ವಿಶ್ವಾಸ ಗಟ್ಟಿ ಇದ್ದವರಿಗೆ ದುಃಖ ಅಂಟುವುದಿಲ್ಲ. ದಿನಾ ಜಪಸರ ಹೇಳಿ. ಎಲ್ಲಾ ಸರಿ ಹೋಗುತ್ತದೆ.

ರಾಗಿ_ಹೊಲ:

ಅಕ್ಕಾ, ಜಪಸರದ ಮಾತು ಸರಿ. ಆದರೆ ವಿಶ್ವಾಸ ಇದ್ದವರಿಗೆ ದುಃಖ ಅಂಟುವುದಿಲ್ಲ ಅನ್ನೋದನ್ನ ಗೆಳೆಯ ಲಾಜರನ ಸಮಾಧಿ ಮುಂದೆ ಯೇಸು ಅತ್ತಿದ್ದನ್ನ ನೋಡಿದವರಿಗೆ ಹೇಳಿ ನೋಡೋಣ.

ಹಳೇ_ಕ್ವಾಯರ್_ಮಾಸ್ತರ್:

ಮೊದಲು ನಕ್ಷತ್ರದ ಪ್ರಶ್ನೆ ಮುಗಿಸೋಣ, ಅದು ಸುಲಭ. ಸಾವಾದ ಮನೆಯಲ್ಲಿ ನಕ್ಷತ್ರ ಕಟ್ಟಬಾರದು ಅಂತ ಧರ್ಮಸಭೆಯ ಕಾನೂನಿನಲ್ಲಿ ಎಲ್ಲೂ ಇಲ್ಲ. ಅದು ನಮ್ಮ ಪದ್ಧತಿ. ಹಾಗಂತ ಕೆಟ್ಟ ಪದ್ಧತಿ ಅಂತಲೂ ನಾನು ಹೇಳುವುದಿಲ್ಲ. ನಕ್ಷತ್ರ ಇಲ್ಲದ ಬಾಗಿಲು ನೋಡಿ ಬೀದಿಯವರಿಗೆ ಗೊತ್ತಾಗುತ್ತದೆ, ಇಲ್ಲಿ ಒಬ್ಬರು ಕಡಿಮೆಯಾಗಿದ್ದಾರೆ ಅಂತ. ಅಂಥ ಮನೆಗೆ ಪಕ್ಕದವರು ಕಜ್ಜಾಯ, ಅಚ್ಚು ಮುರುಕು ತಂದುಕೊಡುತ್ತಾರೆ. ನಿಮ್ಮ ಅತ್ತೆಗೆ ಅದು ಅಣ್ಣನಿಗೆ ಕೊಡುವ ಮರ್ಯಾದೆ ಇರಬಹುದು. ಅವರ ಜೊತೆ ಜಗಳಕ್ಕೆ ನಿಲ್ಲಬೇಡಿ. ಆದರೆ ಮಗುವಿಗೆ ಉತ್ತರ ಕೊಡಬೇಕಾದವರು ನೀವು, ಅತ್ತೆ ಅಲ್ಲ.

ಈಗ ವಾಚನಕ್ಕೆ ಬರೋಣ. ಓದಿ ಅಂತ ನನ್ನ ಸಲಹೆ. ಯಾಕೆ ಅಂತ ಹೇಳುತ್ತೇನೆ.

ಆ ಭಾನುವಾರಕ್ಕೆ ಲ್ಯಾಟಿನ್‌ನಲ್ಲಿ ಗೌದೇತೆ ಅಂತ ಹೆಸರು, ಸಂತೋಷಪಡಿ ಅಂತ. ಗುರುಗಳು ನೇರಳೆ ಬಿಟ್ಟು ಗುಲಾಬಿ ಬಣ್ಣದ ಉಡುಪು ಹಾಕುವ ದಿನ. (ನಮ್ಮ ಧರ್ಮಕೇಂದ್ರದಲ್ಲಿ ಗುಲಾಬಿ ಉಡುಪು ಇಲ್ಲ, ನೇರಳೆಯಲ್ಲೇ ಸಂತೋಷ ಪಡುತ್ತೇವೆ.) ಈಗ ಅದೇ ದಿನದ ಶುಭಸಂದೇಶ (ಯೇಸುವಿನ ಜೀವನದ ವಾಚನ) ತೆಗೆದು ನೋಡಿ. ಈ ವರ್ಷ ಮತ್ತಾಯನದು, 11ನೇ ಅಧ್ಯಾಯ. ಯಾರ ಕಥೆ? ಜೈಲಿನಲ್ಲಿ ಕೂತ ಸ್ನಾನಿಕ ಯೊವಾನ್ನನದು. ಮೃತ ಸಮುದ್ರದ ಪೂರ್ವಕ್ಕೆ ಮಕೈರಸ್ ಅನ್ನುವ ಕೋಟೆಯಲ್ಲಿ ಅಲ್ಲಿನ ಆಳರಸ ಹೆರೋದ ಅವನನ್ನು ಇಟ್ಟಿದ್ದ ಅಂತ ಇತಿಹಾಸಕಾರ ಜೋಸೆಫಸ್ ಬರೆದಿದ್ದಾನೆ. ಯೋರ್ದಾನ್ ನದಿಯಲ್ಲಿ ಯೇಸುವಿಗೆ ಸ್ನಾನದೀಕ್ಷೆ ಕೊಟ್ಟವನು ಅವನೇ. ದೇವರು ಕಳಿಸುವ ರಕ್ಷಕನ ಬಗ್ಗೆ "ಬರುವವನು ಬಂದ" ಅಂತ ಊರಿಗೆಲ್ಲ ಸಾರಿದವನೂ ಅವನೇ. ಅವನೇ ಈಗ ಶಿಷ್ಯರನ್ನು ಕಳಿಸಿ ಕೇಳಿಸುತ್ತಾನೆ: ಬರಬೇಕಾದವನು ನೀನೇನಾ, ಇಲ್ಲ ನಾವು ಇನ್ನೊಬ್ಬನಿಗೆ ಕಾಯಬೇಕಾ?

ಸಂತೋಷದ ಭಾನುವಾರಕ್ಕೆ ಧರ್ಮಸಭೆ ಆರಿಸಿಕೊಂಡಿದ್ದು ಈ ಪ್ರಶ್ನೆಯನ್ನು. ಯೇಸು ಬೈಯಲಿಲ್ಲ. ಇಷ್ಟು ದಿನ ಸಾರಿದ್ದೆಲ್ಲ ನಾಟಕವಾ ಅಂತ ಕೇಳಲಿಲ್ಲ. ನೀವು ಕಂಡಿದ್ದನ್ನೂ ಕೇಳಿದ್ದನ್ನೂ ಹೋಗಿ ಹೇಳಿ ಅಂದರು: ಕುರುಡರಿಗೆ ಕಾಣುತ್ತಿದೆ, ಕುಂಟರು ನಡೆಯುತ್ತಿದ್ದಾರೆ, ಬಡವರಿಗೆ ಶುಭಸಂದೇಶ ಸಿಗುತ್ತಿದೆ. ಆಮೇಲೆ ಜನರ ಕಡೆ ತಿರುಗಿ, ಹೆಂಗಸರ ಹೊಟ್ಟೆಯಲ್ಲಿ ಹುಟ್ಟಿದವರಲ್ಲಿ ಇವನಿಗಿಂತ ದೊಡ್ಡವರಿಲ್ಲ ಅಂತ ಹೊಗಳಿದರು. ಸಂಶಯದ ಪ್ರಶ್ನೆ ಬಂದ ಮೇಲೆ ಹೇಳಿದ ಮಾತು ಇದು, ಮುಂಚೆ ಅಲ್ಲ.

ನೀವು ಓದುವ ಯೆಶಾಯನ ಸಾಲೂ ಹಾಗೇ. ಅದು ಹೇಳುವುದು ಸೋತ ಕೈಗಳಿಗೆ, ನಡುಗುವ ಮೊಣಕಾಲುಗಳಿಗೆ, ಅಂಜಿದ ಎದೆಗೆ. ಗಟ್ಟಿ ಮೊಣಕಾಲಿನವರು ಅದನ್ನು ಓದಿದರೆ ಉಪದೇಶ ಆಗುತ್ತದೆ. ನೀವು ಓದಿದರೆ ಆ ಮಾತು ಯಾರಿಗೆ ಹೇಳಿದ್ದೋ ಅವರ ಬಾಯಿಂದಲೇ ಬರುತ್ತದೆ. ವಾಚಕರು ಓದುವುದು ತಮ್ಮ ಮನಸ್ಸಿನ ವರದಿಯನ್ನಲ್ಲ. ಅದು ಧರ್ಮಸಭೆಯ ಮಾತು, ನಿಮಗೂ ಸೇರಿಸಿ ಹೇಳಿದ್ದು.

ನನ್ನದೊಂದು. ನನ್ನ ಮಗ ಅಪಘಾತದಲ್ಲಿ ಹೋದ ವರ್ಷ ನಾನು ಆಗಮನ ಕಾಲ ಪೂರ್ತಿ ಕೀಬೋರ್ಡ್ ನುಡಿಸಿದೆ. ವಿಶ್ವಾಸ ಜಾಸ್ತಿ ಇತ್ತು ಅಂತಲ್ಲ. ಆ ದೇವಾಲಯದಲ್ಲಿ ಬೇರೆ ಯಾರಿಗೂ ನುಡಿಸಲು ಬರುತ್ತಿರಲಿಲ್ಲ. ಹಾಡುವುದಕ್ಕೆ ನನಗೆ ಆಗುತ್ತಿರಲಿಲ್ಲ, ಹುಡುಗರು ಹಾಡಿದರು. ನಾನು ಸ್ವರ ಹಿಡಿದುಕೊಟ್ಟೆ, ಅಷ್ಟೇ. ಅದನ್ನು ನಾಟಕ ಅಂತ ಆಗಲೂ ಅನ್ನಿಸಲಿಲ್ಲ, ಈಗಲೂ ಇಲ್ಲ.

ಇನ್ನೊಂದು ವಿಷಯ. ನಮ್ಮ ಕಡೆ ನವೆಂಬರ್ ಮುಗಿಯುವ ಮುಂಚೆಯೇ ಸಾಂತಾ ಟೋಪಿ, ಜಿಂಗಲ್ ಬೆಲ್ ಶುರು. ನನಗೆ ಇದು ಹಿಡಿಸುವುದಿಲ್ಲ, ಹಳೆಯ ತಲೆ ಅನ್ನಿ ಬೇಕಾದರೆ. ಆಗಮನ ಕಾಲ ಹಬ್ಬ ಅಲ್ಲ. ಈ ನಾಲ್ಕು ವಾರದ ಭಾನುವಾರಗಳಲ್ಲಿ ಪೂಜೆಯ ಸ್ತುತಿಹಾಡಾದ ಮಹಿಮಾ ಗೀತೆ ಹಾಡುವುದಿಲ್ಲ, ವಾದ್ಯಗಳೂ ಹಿತಮಿತ. ಅಂದರೆ ನಗು ಬಾರದವರಿಗೆ ಧರ್ಮಸಭೆಯೇ ಜಾಗ ಇಟ್ಟಿದೆ. ನೀವು ಕಾಲಕ್ಕೆ ಹೊರಗಿದ್ದೀರಿ ಅಂದುಕೊಂಡಿದ್ದೀರಿ. ಆ ಜಿಂಗಲ್ ಬೆಲ್‌ನವರಿಗಿಂತ ನೀವೇ ಸರಿಯಾಗಿ ಒಳಗಿದ್ದೀರಿ.

ಆಲ್ಫ್ರೆಡ್ ಡೆಲ್ಪ್ ಅಂತ ಒಬ್ಬ ಜರ್ಮನ್ ಗುರುಗಳಿದ್ದರು, ಜೆಸ್ವಿಟ್ ಅನ್ನುವ ಕಥೋಲಿಕ ಸಂಘದವರು. ಹಿಟ್ಲರ್ ಹೋದ ಮೇಲೆ ದೇಶ ಹೇಗಿರಬೇಕು ಅಂತ ಗುಟ್ಟಾಗಿ ಚರ್ಚಿಸುತ್ತಿದ್ದ ಗುಂಪಿನಲ್ಲಿದ್ದರು ಅಂತ 1944ರ ಜುಲೈನಲ್ಲಿ ಮ್ಯೂನಿಕ್‌ನಲ್ಲಿ ಹಿಡಿದರು. ಆ ವರ್ಷದ ಆಗಮನ ಕಾಲ ಅವರಿಗೆ ಬರ್ಲಿನ್‌ನ ಟೇಗಲ್ ಜೈಲಿನಲ್ಲಿ. ಕೈಗೆ ಕೋಳ. ಆ ಕೈಯಲ್ಲೇ ಚೀಟಿಗಳ ಮೇಲೆ ಆಗಮನ ಕಾಲದ ಧ್ಯಾನಗಳನ್ನು ಬರೆದರು. ಒಗೆಯುವ ಬಟ್ಟೆಯ ಗಂಟಿನಲ್ಲಿ ಅವು ಹೊರಗೆ ಬಂದವು, ಇಬ್ಬರು ಹೆಂಗಸರು ಧೈರ್ಯ ಮಾಡಿ ಸಾಗಿಸಿದರು. ಮನುಷ್ಯನನ್ನು ಬುಡಸಮೇತ ಅಲುಗಾಡಿಸಿ ಎಬ್ಬಿಸುವ ಕಾಲ ಇದು ಅನ್ನುವುದು ಅವರ ಮಾತಿನ ತಿರುಳು. ಮೆತ್ತನೆಯ ಸಮಾಧಾನ ಅವರಲ್ಲಿ ಸಿಗುವುದಿಲ್ಲ. ಅದಕ್ಕೇ ನನಗೆ ಅವರ ಮೇಲೆ ನಂಬಿಕೆ.

ಮೈಸೂರು_ಮಗಳು:

ಮಾಸ್ತರೇ, ನಿಮ್ಮ ಮಗನ ವಿಷಯ ಓದಿ ಏನು ಬರೆಯಬೇಕು ಅಂತ ತಿಳಿಯಲಿಲ್ಲ. ಆದರೂ ಕೇಳುತ್ತೇನೆ, ತಪ್ಪು ತಿಳಿಯಬೇಡಿ. ಯೊವಾನ್ನನಿಗೆ ಕೊನೆಗೆ ಸಿಕ್ಕಿದ್ದೇನು? ತಲೆ ಹೋಯಿತು. ನೀವು ಹೇಳಿದ ಆ ಜರ್ಮನ್ ಗುರುಗಳಿಗೆ?

ಹಳೇ_ಕ್ವಾಯರ್_ಮಾಸ್ತರ್:

ಗಲ್ಲು. 1945ರ ಫೆಬ್ರವರಿ 2. ಯುದ್ಧ ಮುಗಿಯಲು ಇನ್ನು ಮೂರು ತಿಂಗಳಷ್ಟೇ ಇತ್ತು.

ನೀವು ಕೇಳಿದ್ದು ಸರಿ. ಇಬ್ಬರ ಜೈಲಿನ ಬಾಗಿಲೂ ತೆರೆಯಲಿಲ್ಲ. ಹಾಗಾಗಿ "ಎಲ್ಲಾ ಸರಿ ಹೋಗುತ್ತದೆ" ಅಂತ ನಾನು ಬರೆಯಲಿಲ್ಲ. ಆದರೆ ಯೊವಾನ್ನನ ಪ್ರಶ್ನೆಯನ್ನು ಇನ್ನೊಮ್ಮೆ ನೋಡಿ. ನನ್ನನ್ನು ಬಿಡಿಸುತ್ತೀಯಾ ಅಂತ ಅವನು ಕೇಳಲೇ ಇಲ್ಲ. ಬರಬೇಕಾದವನು ನೀನೇನಾ ಅಂತ ಕೇಳಿದ. ನಾನು ಬದುಕಿದ್ದು ಸುಮ್ನೆ ಆಯಿತಾ ಅನ್ನುವುದು ಅವನ ಭಯ ಇರಬೇಕು. ಅದಕ್ಕೆ ಅವನಿಗೆ ಉತ್ತರ ಮುಟ್ಟಿತು.

ನಿಮ್ಮ ಅಪ್ಪನ ವಿಷಯಕ್ಕೂ ಇದೇ ಅಲ್ವಾ? ಆಗಮನ ಕಾಲದ ಮೊದಲ ಅರ್ಧ, ಡಿಸೆಂಬರ್ 16ರ ತನಕ, ಗೋದಲಿಯಲ್ಲಿ ಹುಟ್ಟಿದ ಮಗು ಯೇಸುವಿನ ಬಗ್ಗೆ ಹೆಚ್ಚು ಮಾತಿಲ್ಲ. ಪ್ರಭು ಮತ್ತೆ ಬರುತ್ತಾರೆ, ಸತ್ತವರು ಏಳುತ್ತಾರೆ ಅನ್ನುವುದರ ಮೇಲೇ ಒತ್ತು. 17ರಿಂದ ಕಥೆ ಬೆತ್ಲೆಹೇಮಿನ ಕಡೆ ತಿರುಗುತ್ತದೆ. ಅಪ್ಪ ಸುಮ್ಮನೆ ಮಣ್ಣಾಗಿ ಹೋಗಿಲ್ಲ ಅನ್ನುವುದೇ ನಮ್ಮ ಭರವಸೆ. ಕೆಲಸ ಮರಳಿ ಸಿಗುತ್ತದೆ ಅನ್ನುವುದು ಅಲ್ಲ, ಸಿಕ್ಕರೆ ಒಳ್ಳೆಯದೇ. ಅದು ಈಗ ನಿಮಗೆ ಎದೆಗೆ ಇಳಿಯದಿದ್ದರೆ ಇಳಿಯದಿರಲಿ. ನಿಮ್ಮ ಪಾಲಿನದನ್ನು ಸ್ವಲ್ಪ ದಿನ ಬೇರೆಯವರು ಹಿಡಿದುಕೊಂಡಿರುತ್ತಾರೆ.

ಧಾರವಾಡದಾಕಿ:

ನಾವು ಸಿ.ಎಸ್.ಐ. ಸಭೆಯವರು, ಅಂದರೆ ಪ್ರೊಟೆಸ್ಟೆಂಟರು, ವಾಚನದ ಪಟ್ಟಿ ಬೇರೆ ಇರಬಹುದು. ಆದರೆ ಮಗುವಿನ ವಿಷಯಕ್ಕೆ ನಾನೂ ಒಂದು ಮಾತು ಹೇಳುತ್ತೇನೆ.

ಭರವಸೆಯ ಮೇಣದಬತ್ತಿ ಅಂದಿರಲ್ಲ, ಆ ಬತ್ತಿಗಳ ಚಕ್ರ ಹುಟ್ಟಿದ್ದೇ ಕಷ್ಟದ ಮಕ್ಕಳ ಮನೆಯಲ್ಲಿ. ಹ್ಯಾಂಬರ್ಗ್‌ನಲ್ಲಿ ಯೋಹಾನ್ ವಿಖರ್ನ್ ಅನ್ನುವ ಲೂಥರನ್ ದೇವಶಾಸ್ತ್ರಿಯೊಬ್ಬರು ಬೀದಿ ಪಾಲಾದ ಬಡ ಮಕ್ಕಳಿಗಾಗಿ 1833ರಲ್ಲಿ ಒಂದು ಮನೆ ತೆರೆದಿದ್ದರು. ಕ್ರಿಸ್‌ಮಸ್ ಯಾವಾಗ, ಯಾವಾಗ ಅಂತ ಮಕ್ಕಳ ಕಾಟ ತಡೆಯದೆ 1839ರಲ್ಲಿ ಹಳೆಯ ಗಾಡಿ ಚಕ್ರ ತಂದು ಅದರ ಮೇಲೆ ಬತ್ತಿ ಇಟ್ಟರು. ಭಾನುವಾರಕ್ಕೆ ದೊಡ್ಡ ಬಿಳಿ ಬತ್ತಿ ನಾಲ್ಕು, ವಾರದ ದಿನಗಳಿಗೆ ಸಣ್ಣ ಕೆಂಪು ಬತ್ತಿ ಇಪ್ಪತ್ತು. ದಿನಕ್ಕೊಂದು ಹಚ್ಚುವುದು, ಮಕ್ಕಳೇ ಎಣಿಸಿಕೊಳ್ಳುವುದು. ಎಂಥ ಮಕ್ಕಳು ನೋಡ್ರಿ, ಅಪ್ಪ ಅಮ್ಮ ಇಲ್ಲದವರು, ಇದ್ದೂ ಇಲ್ಲದವರು. ಈಗ ನಾವು ಅದನ್ನು ಹೂವಿನ ಅಲಂಕಾರ ಮಾಡಿಟ್ಟಿದ್ದೇವೆ.

ಮಗಳಿಗೆ ನಿಜ ಹೇಳಿಬಿಡ್ರಿ. ಬಟ್ಟೆ ಇಲ್ಲ ಅನ್ನುವುದನ್ನೂ. ಮಕ್ಕಳಿಗೆ ಗೊತ್ತಾಗಿರುತ್ತದೆ, ನಾವು ಹೇಳಲಿ ಅಂತ ಕಾಯುತ್ತಿರುತ್ತಾವ. ನಕ್ಷತ್ರವನ್ನು ಬಾಗಿಲಿಗೆ ಕಟ್ಟದೆ ಮನೆಯೊಳಗೆ ಅಪ್ಪನ ಫೋಟೋ ಹತ್ತಿರ ಕಟ್ಟಿದರೆ ಅತ್ತೆಗೂ ಬೇಜಾರಿಲ್ಲ, ಮಗುವಿಗೂ ಆಯಿತು. ಕಾಗದ ಹಚ್ಚುವುದು ಆಕೆಯೇ ಹಚ್ಚಲಿ.

ಮತ್ತೊಂದು. ಮಗಳ ಮನೆಗೆಂದು ಇಂಗ್ಲೆಂಡಿಗೆ ಹೋದಾಗ ಡಿಸೆಂಬರ್ 21ರ ಸಂಜೆ ಅಲ್ಲಿನ ಚರ್ಚಿನಲ್ಲಿ ಒಂದು ಆರಾಧನೆ ನೋಡಿದೆ. ವರ್ಷದ ಅತಿ ಉದ್ದದ ರಾತ್ರಿ ಅಂತ ಅದಕ್ಕೆ ಹೆಸರು. ಹಬ್ಬದ ಹಾಡಿಲ್ಲ. ಆ ವರ್ಷ ಮನೆಯವರನ್ನು ಕಳೆದುಕೊಂಡವರು, ಕೆಲಸ ಕಳೆದುಕೊಂಡವರು ಬಂದು ಬತ್ತಿ ಹಚ್ಚಿ ಸುಮ್ಮನೆ ಕೂಡುತ್ತಾರೆ. ಹಳೆಯ ಪಂಚಾಂಗದಲ್ಲಿ ಅವತ್ತು ಸಂತ ತೋಮನ ದಿನ, ಯೇಸು ಮತ್ತೆ ಎದ್ದು ಬಂದದ್ದನ್ನು ಸಂಶಯ ಪಟ್ಟ ಶಿಷ್ಯ ತೋಮನದು. ನಮ್ಮಲ್ಲೂ ಇಂಥದ್ದು ಯಾಕಿಲ್ಲ ಅಂತ ನಮ್ಮ ಸಭಾಪಾಲಕರನ್ನು ಕೇಳಿದ್ದೇನೆ. ನೋಡೋಣ ಅಂದಿದ್ದಾರೆ. ಅವರ "ನೋಡೋಣ" ನನಗೆ ಗೊತ್ತು.

ರಾಗಿ_ಹೊಲ:

ಅದೇ ಭಾನುವಾರದ ಎರಡನೇ ವಾಚನ ಬೈಬಲಿನ ಯಾಕೋಬನ ಪತ್ರದ್ದು. ರೈತ ಮಳೆಗೆ ತಾಳ್ಮೆಯಿಂದ ಕಾಯ್ತಾನೆ, ಹಾಗೆ ನೀವೂ ಕಾಯಿರಿ ಅಂತಾನೆ. ನಾನು ಕನಕಪುರದ ಕಡೆ ರಾಗಿ ಬೆಳೆಯುವವನು. ಯಾಕೋಬ ಹೊಲಕ್ಕೆ ಇಳಿದವನಲ್ಲ ಅಂತ ಕಾಣುತ್ತೆ. ನಮ್ಮಪ್ಪ ಆಕಾಶ ನೋಡಿ ಬೈಕೊಂಡೇ ಕಾಯ್ತಿದ್ದರು. ಬೈಕೊಂಡೇ ಉಳುಮೆ ಮಾಡಿದರು, ಬೈಕೊಂಡೇ ಬಿತ್ತಿದರು. ಬೈಬಲಿನ ಕೀರ್ತನೆಗಳಲ್ಲೂ ಎಷ್ಟೋ ಕಡೆ ಅದೇ ತಾನೆ ಇರೋದು, ಎಲ್ಲಿ ಹೋದೆ ಸ್ವಾಮಿ, ಇನ್ನೆಷ್ಟು ದಿನ ಅಂತ. ಹಾಗಾಗಿ ತಂಗೀ, ದೇವರ ಮೇಲೆ ಸಿಟ್ಟು ಬಂದರೆ ಸಿಟ್ಟು ಮಾಡಿಕೊಂಡೇ ಪೂಜೆಗೆ ಹೋಗಿ. ಹೋಗೋದು ಬಿಡಬೇಡಿ.

ಈಗ ಹೊಟ್ಟೆ ವಿಷಯ. ಇಷ್ಟು ಜನ ಬರೆದರು, ಯಾರೂ ಕೇಳಲಿಲ್ಲ. ನಿಮ್ಮ ಧರ್ಮಕೇಂದ್ರದಲ್ಲಿ ಸಂತ ವಿನ್ಸೆಂಟ್ ದೆ ಪಾಲ್ ಸಭೆ ಇದೆಯಾ ನೋಡಿ. ಪ್ಯಾರಿಸ್‌ನಲ್ಲಿ 1833ರಲ್ಲಿ ಫ್ರೆಡ್ರಿಕ್ ಓಜನಾಂ ಅನ್ನೋ ಕಾಲೇಜು ಹುಡುಗ ಗೆಳೆಯರ ಜೊತೆ ಶುರು ಮಾಡಿದ್ದು. ಇಬ್ಬಿಬ್ಬರಾಗಿ ಮನೆಗೆ ಬರುತ್ತಾರೆ, ಕೂತು ಮಾತಾಡುತ್ತಾರೆ. ರೇಷನ್ನೋ, ಸ್ಕೂಲ್ ಫೀಸೋ, ಕೈಲಾದ್ದು ಮಾಡುತ್ತಾರೆ. ನಮ್ಮೂರಲ್ಲಿ ನಾನೂ ಇದ್ದೇನೆ. ಯಾರ ಮನೆಗೆ ಹೋದೆವು ಅಂತ ಹೊರಗೆ ಬಾಯಿ ಬಿಡುವ ಹಾಗಿಲ್ಲ. ನಾಚಿಕೆ ಬೇಡ. ನಿಮ್ಮಂಥವರು ಕೇಳದೆ ಇದ್ದರೆ ನಾವು ಭಾನುವಾರ ಮೀಟಿಂಗ್ ಮಾಡಿ ಟೀ ಕುಡಿದು ಎದ್ದು ಬರಬೇಕಾಗುತ್ತೆ.

ನೈಟ್_ಡ್ಯೂಟಿ_ನರ್ಸ್:

ಒಂದೇ ಮಾತು ಹೇಳಿ ಹೋಗುತ್ತೇನೆ. ಹನ್ನೊಂದರವರೆಗೆ ಹೊಲಿಗೆ ಅಂದಿರಿ. ಆಮೇಲೆ ನಿದ್ದೆ ಬರುತ್ತಿದೆಯಾ? ಊಟ ಸೇರುತ್ತಿದೆಯಾ? ಬರದಿದ್ದರೆ ಅದನ್ನು ವಿಶ್ವಾಸದ ಕೊರತೆ ಅಂತ ಅಂದುಕೊಳ್ಳಬೇಡಿ. ಟೆಲಿ ಮಾನಸ್ ಅನ್ನುವ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿ 14416, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು, ರಾತ್ರಿಯೂ ಇರುತ್ತಾರೆ. ಯಜಮಾನರಿಗೂ ಹೇಳಿ. ಕೆಲಸ ಹೋದ ಗಂಡಸರು ಬಾಯಿ ಬಿಡುವುದಿಲ್ಲ, ವಾರ್ಡಿನಲ್ಲಿ ನೋಡಿದ್ದೇನೆ.

ಕೃಪೆ_ಸಾಕು:

ತಂಗೀ, ನಾನು ಬರೆದದ್ದು ನಿಮಗೆ ನೋವಾಗಿದ್ದರೆ ಬಿಟ್ಟುಬಿಡಿ. ನಿಮ್ಮ ತಂದೆಯ ಹೆಸರಿನಲ್ಲಿ ನಮ್ಮ ದೇವಾಲಯದಲ್ಲಿ ಒಂದು ಪೂಜೆ ಹೇಳಿಸುತ್ತೇನೆ. ಹೆಸರು ಇಲ್ಲಿ ಹಾಕಬೇಡಿ, ಖಾಸಗಿಯಾಗಿ ಕಳಿಸಿ. ಮಗಳ ಅಳತೆಯನ್ನೂ ಕಳಿಸಿ. ಹೊಲಿಯುವುದು ನೀವೇ, ಬಟ್ಟೆ ಮಾತ್ರ ನನ್ನದು. ಬೇಡ ಅನ್ನಬಾರದು.

ಮೈಸೂರು_ಮಗಳು:

ಎಲ್ಲರಿಗೂ ಒಟ್ಟಿಗೆ ಉತ್ತರ, ಬೇರೆ ಬೇರೆ ಬರೆಯಲು ಆಗುತ್ತಿಲ್ಲ.

ನರ್ಸ್ ಅಕ್ಕಾ, ನಿದ್ದೆ ಬರುತ್ತಿಲ್ಲ. ನಂಬರ್ ಇಟ್ಟುಕೊಂಡಿದ್ದೇನೆ. ವಿನ್ಸೆಂಟ್ ದೆ ಪಾಲ್ ಸಭೆ ನಮ್ಮಲ್ಲಿದೆ. ಅದರ ಅಧ್ಯಕ್ಷರ ಸೊಸೆಯ ಬ್ಲೌಸ್ ನನ್ನ ಹತ್ತಿರವೇ ಹೊಲಿಗೆಗೆ ಇದೆ, ಅದಕ್ಕೇ ಇಷ್ಟು ದಿನ ಹಿಂಜರಿಕೆ. ಇವತ್ತು ಯಜಮಾನರ ಹತ್ತಿರ ಮಾತಾಡುತ್ತೇನೆ. ಕೃಪೆ ಅಕ್ಕಾ, ಅಳತೆ ಕಳಿಸಿದ್ದೇನೆ.

ಅತ್ತೆಗೆ ಫೋನ್ ಮಾಡಿದೆ. ಒಳಗೆ ಕಟ್ಟುತ್ತೇವೆ ಅಂದಿದ್ದಕ್ಕೆ "ನಿನ್ನಿಷ್ಟ" ಅಂದರು. ಆಮೇಲೆ ತಾವೇ ಫೋನ್ ಮಾಡಿ, ನೀಲಿ ಕಾಗದ ತರಬೇಡ, ನಿಮ್ಮಪ್ಪ ಯಾವತ್ತೂ ಕೆಂಪು ಹಳದಿಯೇ ಹಾಕುತ್ತಿದ್ದಿದ್ದು ಅಂದರು. ಎಣ್ಣೆ ಬಾಣಲೆಯ ವಿಷಯದಲ್ಲಿ ಮಾತ್ರ ಬಗ್ಗಲಿಲ್ಲ. ಸರಿ, ಕಜ್ಜಾಯ ಈ ವರ್ಷ ಬೇಡ.

ವಾಚನ ಓದುತ್ತೇನೆ ಮಾಸ್ತರೇ. ಇಳಿದಿದೆ ಅಂತ ಸುಳ್ಳು ಹೇಳುವುದಿಲ್ಲ. ಯೊವಾನ್ನ ಕೇಳಿದ ಪ್ರಶ್ನೆ ಅದೇ ದಿನ ಬರುತ್ತದೆ ಅನ್ನುವ ಒಂದೇ ಕಾರಣಕ್ಕೆ ಓದುತ್ತೇನೆ. ನಡುವೆ ಗಂಟಲು ಕಟ್ಟಿದರೆ ಏನು ಮಾಡಲಿ?

ಹಳೇ_ಕ್ವಾಯರ್_ಮಾಸ್ತರ್:

ಕಟ್ಟಿದರೆ ನಿಲ್ಲಿಸಿ. ಜನ ಕಾಯುತ್ತಾರೆ. ಒಂದು ಲೋಟ ನೀರು ಪಕ್ಕದ ಬೆಂಚಿನಲ್ಲಿ ಯಜಮಾನರ ಕೈಯಲ್ಲಿರಲಿ. ಮೈಕಿಗೆ ತೀರಾ ಹತ್ತಿರ ಹೋಗಬೇಡಿ, ಒಂದು ಗೇಣು ದೂರ ಸಾಕು, ಇಲ್ಲದಿದ್ದರೆ ಉಸಿರೆಲ್ಲ ಕೇಳಿಸುತ್ತದೆ.

ಮತ್ತೆ, ಮನೆಯ ಬೈಬಲ್ ಇಟ್ಟುಕೊಂಡು ಅಭ್ಯಾಸ ಮಾಡುವುದಾದರೆ ಒಂದು ಎಚ್ಚರ. ಪೂಜೆಯ ವಾಚನದಲ್ಲಿ 35ನೇ ಅಧ್ಯಾಯ ಪೂರ್ತಿ ಇರುವುದಿಲ್ಲ. ಆರನೇ ವಚನದ ಅರ್ಧಕ್ಕೆ ನಿಂತು ಹತ್ತಕ್ಕೆ ಹಾರುತ್ತದೆ. ಶುರುವಿನಲ್ಲೇ ಲೆಬನೋನ್, ಕರ್ಮೆಲ್, ಶಾರೋನ್ ಅಂತ ಮೂರು ಜಾಗದ ಹೆಸರು ಒಟ್ಟಿಗೆ ಬರುತ್ತವೆ, ನಮ್ಮ ಹುಡುಗರು ಯಾವಾಗಲೂ ಎಡವುವುದು ಅಲ್ಲೇ. ಶನಿವಾರ ದೇವಾಲಯಕ್ಕೆ ಹೋಗಿ ಅಲ್ಲಿನ ಪುಸ್ತಕದಲ್ಲೇ ಒಮ್ಮೆ ಗಟ್ಟಿಯಾಗಿ ಓದಿ ಬನ್ನಿ.